ಕಡಲು ದಾಟದ ಸೈನಿಕ

ಕನ್ನಡ ನಾಡಿನ ವೀರಗಲ್ಲುಗಳ ವಿನ್ಯಾಸ ವಾಚಕರಿಗೆ ಪರಿಚಿತವಾದುದೇ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಹೋರಾಡಿ ಮಡಿದವನಿಗೆ ನಮ್ಮ ಹಿರಿಯರು ಸಲ್ಲಿಸಿದ ಗೌರವವದು. ಆದರೆ ಸಮವಸ್ತ್ರ ತೊಟ್ಟೂ ಕಾಳಗವನ್ನೇ ಕಾಣದೆ, ಉಗ್ರಾಣವನ್ನೊ ಸೇತುವೆಯನ್ನೊ ಕಾದು ಊರಿಗೆ ಮರಳಿದವನಿಗೆ ಯಾವ ಕಲ್ಲು?

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೇನೆ ಇಪ್ಪತ್ತೈದು ಲಕ್ಷದಷ್ಟು ಬೆಳೆಯಿತು. ಕಡ್ಡಾಯ ಭರ್ತಿ ಇರಲಿಲ್ಲ. ಬಂದವರೆಲ್ಲ ತಾವಾಗಿ ಬಂದವರು. ಅವರಲ್ಲಿ ಅನೇಕರು ಆಫ್ರಿಕ, ಇಟಲಿ, ಬರ್ಮಾಗಳ ರಣಭೂಮಿಗೆ ಹೋದರು. ಕಡಲನ್ನೇ ದಾಟದೆ ದುಡಿದವರೂ ಕಡಮೆಯಲ್ಲ.

ಬೈಂದೂರಿನ ಮಗ್ಗುಲ ಯಡ್ತರೆ ಅಂದು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂಥ ಊರಿನ ಒಕ್ಕಲು ಮನೆಯ ತರುಣನೊಬ್ಬ ಸೇನೆ ಸೇರಿದನೆಂದು ಭಾವಿಸೋಣ. 'ಹೋತೆ, ಬತ್ತೆ' ಎನ್ನುವ ನಾಲಗೆ ಹಿಂದೂಸ್ತಾನಿಗೆ ಹೊರಳಬೇಕು. ಆ ನುಡಿಯನ್ನೂ ಸೇನೆ ರೋಮನ್ ಲಿಪಿಯಲ್ಲಿ ಕಲಿಸುತ್ತಿತ್ತು. ಬೆಂಗಳೂರಿಗೆ ಬಂದರೆ ಇಟಲಿಯ ಯುದ್ಧಕೈದಿಗಳ ಶಿಬಿರ. 1940ರಲ್ಲಿ ಸ್ಥಾಪಿತವಾಗಿ, 1943ರಿಂದ ಅಮೆರಿಕದ ವಿಮಾನಗಳ ದುರಸ್ತಿಯಲ್ಲಿ ತೊಡಗಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಕಾಯುವುದು, ಎಣಿಸುವುದು, ಹೇರುವುದು: ಇಂಥ ಕೆಲಸವಿಲ್ಲದೆ ಯಾವ ಸೇನೆಯೂ ಒಂದು ದಿನ ನಿಲ್ಲಲಾರದು.

ಅಪಾಯವೂ ದೂರವಿರಲಿಲ್ಲ. 1942ರ ಮಾರ್ಚಿಯಲ್ಲಿ ರಂಗೂನು ಜಪಾನಿಗಳ ವಶವಾಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದಿತು. ಬರ್ಮಾದ ಅಕ್ಕಿ ನಿಂತಿತು, ಬೆಲೆಯೇರಿತು. ಸೇನೆಯ ಅಕ್ಕಿಮೂಟೆಗಳನ್ನು ಕಾಯುವ ಸಿಪಾಯಿಗೆ ಊರಿನ ಮನೆಯ ಗಂಜಿ ತಿಳಿಯಾಗುತ್ತಿರುವುದು ತಿಳಿಯದೆ ಇದ್ದೀತೆ? ತಿಂಗಳ ಮನಿಯಾರ್ಡರಿಗಾಗಿ ದಾರಿ ನೋಡುವ ತಾಯಿಯ ಪಾಲಿಗೆ ಯುದ್ಧವೆಂದರೆ ಅಂಚೆಯವನ ಬರವೇ ಆಗಿರಬೇಕು.

ಇಂಥ ಸೇವೆಗೂ ಒಂದು ಮನ್ನಣೆ ದೊರೆಯಿತು. ರಣರಂಗದ ಹೊರಗೆ ಮೂರು ವರ್ಷ ದುಡಿದ ಭಾರತೀಯ ಯೋಧರಿಗೆಂದು 1946ರಲ್ಲಿ 'ಇಂಡಿಯಾ ಸರ್ವೀಸ್ ಮೆಡಲ್' ಹುಟ್ಟಿತು. ಅದರ ಹಿಂಬದಿಯಲ್ಲಿರುವುದು ಭಾರತದ ನಕ್ಷೆ. ಮರುವರ್ಷವೇ ಆ ನಕ್ಷೆಯ ನಾಡು ಇಬ್ಭಾಗವಾಯಿತು. ತಾನು ಕಾದದ್ದು ಯಾರ ರಾಜ್ಯವನ್ನು ಎಂಬ ಪ್ರಶ್ನೆ, ಪದಕವನ್ನು ಪೆಟ್ಟಿಗೆಯ ತಳದಲ್ಲಿಟ್ಟವನನ್ನು ಕಾಡದೆ ಬಿಟ್ಟಿರಲಾರದು. ಅರಸನಿಗಾಗಿ ಎಂದು ಕಾಗದ ಹೇಳುತ್ತಿತ್ತು. ಮನೆಯ ಒಲೆಗಾಗಿ ಎಂದು ಅವನಿಗೆ ಗೊತ್ತಿತ್ತು.

ಆ ತಲೆಮಾರಿನವರು ಬಹುಮಟ್ಟಿಗೆ ಅಳಿದಿದ್ದಾರೆ. ಪೆಟ್ಟಿಗೆಗಳು ಉಳಿದಿವೆ, ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಕೇಳಿದ ಮಾತುಗಳಿವೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅವನ್ನು ತೆರೆಯಿಸಿ, ಬಿಡುಗಡೆ ಪತ್ರದ ತಾರೀಖನ್ನೂ ಅಜ್ಜಿಯ ಮಾತನ್ನೂ ಬರೆದಿಟ್ಟುಕೊಂಡರೆ ಸಾಕು. ಕಲ್ಲು ನಿಲ್ಲಿಸದವರಿಗೆ ಅಷ್ಟು ಬರಹವಾದರೂ ಸಲ್ಲಬೇಕು.