ನಿಮಿರು ದೌರ್ಬಲ್ಯ: ಚುಚ್ಚುಮದ್ದಿಗೆ ಮೊದಲು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಸದ್ಭಕ್ತರು ಮನೆಯಲ್ಲಿಯೂ ಹೇಳಿಕೊಳ್ಳಲು ಸಂಕೋಚಪಡುವ ವ್ಯಾಧಿಯಿದು. ಆ ಸಂಕೋಚವನ್ನೇ ಬಂಡವಾಳವಾಗಿಸಿಕೊಂಡವರು, ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ನಶಿಸಿದ ನರನಾಡಿ ಮರಳಿ ಚಿಗುರುವುದೆಂದು ನಂಬಿಸುತ್ತಾರೆ. ಈ ಪುನರುತ್ಪಾದಕ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಕೆಲವು ರಕ್ತಸಂಬಂಧಿ ರೋಗಗಳ ಹೊರತು ಉಳಿದೆಡೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಕ್ಕಷ್ಟೇ ಸೀಮಿತ. ಹೊಲ ಒತ್ತೆಯಿಟ್ಟು ಅದಕ್ಕೆ ಹಣ ಸುರಿಯುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಹಣಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದು. ಆದುದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕುಗಳಿಂದಾದ ಹಾನಿ ಹಲವೊಮ್ಮೆ ಮೊದಲು ಅಲ್ಲಿಯೇ ತೋರುತ್ತದೆ, ಎದೆನೋವು ಆಮೇಲೆ. ಸರಕಾರಿ ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ, ಒತ್ತಡ ಪರೀಕ್ಷಿಸಿಕೊಳ್ಳಿರಿ. 1998ರಿಂದ ಬಳಕೆಯಲ್ಲಿರುವ ಸಿಲ್ಡೆನಾಫಿಲ್ ಗುಳಿಗೆ ಬಹುಜನರಿಗೆ ಫಲ ನೀಡಿದೆ. ಆದರೆ ಹೃದ್ರೋಗಕ್ಕೆ ನೈಟ್ರೇಟ್ ಸೇವಿಸುವವರಿಗೆ ಅದು ಪ್ರಾಣಾಪಾಯಕರ. ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳದಿರಿ.