ನಟಿಯರಿಗೆ ವಿಮರ್ಶಕರ ಮನ್ನಣೆ

ಚಲಚ್ಚಿತ್ರ ಪ್ರಪಂಚದಲ್ಲಿ ಪ್ರಶಸ್ತಿಗಳಿಗೆ ಕೊರತೆಯಿಲ್ಲ. ಆದರೆ ಅವನ್ನು ಕೊಡತಕ್ಕವರು ಯಾರು, ಯಾವ ಅಧಿಕಾರದಿಂದ ಕೊಡುತ್ತಾರೆ ಎಂದು ಕೇಳಿಕೊಂಡಾಗಲೇ ಅವುಗಳ ತಾರತಮ್ಯ ತಿಳಿಯುವುದು. ಅಮೆರಿಕದ ಆಸ್ಕರ್ ಪಾರಿತೋಷಕವನ್ನು ನಿರ್ಣಯಿಸುವವರು 1927ರಲ್ಲಿ ಸ್ಥಾಪಿತವಾದ ಅಕಾಡೆಮಿಯ ಸದಸ್ಯರು, ಎಂದರೆ ಚಿತ್ರೋದ್ಯಮದಲ್ಲಿಯೇ ಜೀವಿಸುವ ನಟರು, ನಿರ್ದೇಶಕರು, ನಿರ್ಮಾಪಕರು ಮತ್ತು ತಂತ್ರಜ್ಞರು. ಸಹೋದ್ಯೋಗಿಗಳ ಗುಣದೋಷಗಳನ್ನು ಅವರಷ್ಟು ಬಲ್ಲವರಿಲ್ಲವೆಂಬುದು ನಿಜವಾದರೂ, ಸ್ನೇಹ, ಸ್ಪರ್ಧೆ, ಸಂಸ್ಥೆಯ ಹಿತ ಮೊದಲಾದ ಲೌಕಿಕ ಬಂಧನಗಳು ಅವರ ತೀರ್ಪನ್ನು ಸೋಂಕದೆ ಬಿಡುವುದು ಕಷ್ಟ. ಚಿತ್ರಗಳನ್ನು ತಯಾರಿಸದೆ, ನೋಡಿ ತೂಗುವುದನ್ನೇ ವೃತ್ತಿಯಾಗಿ ಉಳ್ಳ ನ್ಯೂಯಾರ್ಕಿನ ಪತ್ರಿಕಾ ವಿಮರ್ಶಕರು 1935ರಲ್ಲಿ ತಮ್ಮದೇ ಆದ ಮಂಡಲಿಯೊಂದನ್ನು ಕಟ್ಟಿಕೊಂಡು, ವರ್ಷವರ್ಷವೂ ಮತ ಹಾಕಿ ಶ್ರೇಷ್ಠ ನಟಿಯನ್ನು ಆರಿಸಲಾರಂಭಿಸಿದುದು ಈ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ.

ಅವರ ಪ್ರಥಮ ಮನ್ನಣೆ ಸಂದುದು 'ಆನ್ನಾ ಕರೆನಿನಾ' ಚಿತ್ರದ ಗ್ರೇಟಾ ಗಾರ್ಬೋಗೆ. ಅಕಾಡೆಮಿಯಾದರೋ ಆ ವರ್ಷದ ಸ್ಪರ್ಧಿಗಳ ಪಟ್ಟಿಯಲ್ಲಿಯೂ ಆಕೆಯ ಹೆಸರನ್ನು ಸೇರಿಸಲಿಲ್ಲ. 1937ರಲ್ಲಿ 'ಕಮೀಲ್' ಚಿತ್ರಕ್ಕಾಗಿ ವಿಮರ್ಶಕರು ಮತ್ತೊಮ್ಮೆ ಗಾರ್ಬೋವನ್ನೇ ಆರಿಸಿದರು. ಆಸ್ಕರ್ ಲೂಯಿಸ್ ರೈನರ್ ಪಾಲಾಯಿತು. 1941ರ ಬಳಿಕ ಚಿತ್ರರಂಗಕ್ಕೆ ಬೆನ್ನು ತಿರುಗಿಸಿದ ಆ ಮಹಾನಟಿಗೆ ಸ್ಪರ್ಧೆಯ ಆಸ್ಕರ್ ಕಡೆಯವರೆಗೂ ದೊರೆಯದೆ, ಬಹುಕಾಲದ ಮೇಲೆ ಗೌರವಾರ್ಥವಾದ ಪಾರಿತೋಷಕವೊಂದು ಮಾತ್ರ ಲಭಿಸಿತು.

1942ರ ಆಯ್ಕೆ ಇದಕ್ಕಿಂತಲೂ ಕುತೂಹಲಕರವಾದುದು. ಆರ್ಸನ್ ವೆಲ್ಸ್‌ನ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಚಿತ್ರವನ್ನು ನಿರ್ಮಾಣಸಂಸ್ಥೆಯು ನಲವತ್ತು ನಿಮಿಷಗಳಿಗೂ ಮಿಕ್ಕಿ ಕತ್ತರಿಸಿ, ಅಂತ್ಯವನ್ನೂ ಬದಲಾಯಿಸಿ ಬಿಡುಗಡೆ ಮಾಡಿತ್ತು. ಅದರಲ್ಲಿ ಆಗ್ನೆಸ್ ಮೂರ್‌ಹೆಡ್ ವಹಿಸಿದುದು ನಾಯಕಿಯ ಪಾತ್ರವನ್ನಲ್ಲ, ಪ್ರೇಮದಲ್ಲಿಯೂ ಐಶ್ವರ್ಯದಲ್ಲಿಯೂ ವಂಚಿತಳಾದ ಅವಿವಾಹಿತ ಸೋದರತ್ತೆ ಫ್ಯಾನಿಯ ಪಾತ್ರವನ್ನು. ತಣ್ಣಗಾದ ಬಾಯ್ಲರಿಗೊರಗಿ ಕುಸಿದು ಕುಳಿತು, ನಗುವೋ ಅಳುವೋ ತಿಳಿಯದಂತೆ ಆಕೆ ಕೂಗಾಡುವ ದೃಶ್ಯವನ್ನು ಕಂಡವರು ಮರೆಯಲಾರರು. ಅಕಾಡೆಮಿ ಆಕೆಯನ್ನು ಪೋಷಕ ನಟಿಯರ ಸಾಲಿನಲ್ಲಿ ಪರಿಗಣಿಸಿ ಕೈಬಿಟ್ಟಿತು; ಪೋಷಕ ನಟಿಯರಿಗೆಂದು ಆಗ ಪ್ರತ್ಯೇಕ ವಿಭಾಗವೇ ಇಲ್ಲದಿದ್ದ ನ್ಯೂಯಾರ್ಕ್ ಮಂಡಲಿಯು ಆಕೆಯನ್ನೇ ವರ್ಷದ ಶ್ರೇಷ್ಠ ನಟಿಯೆಂದು ಸಾರಿತು. ಪಾತ್ರದ ಪದವಿಯನ್ನು ನೋಡದೆ ಅಭಿನಯದ ಸತ್ತ್ವವನ್ನು ನೋಡಿದ ತೀರ್ಪು ಅದು.

1944ರಲ್ಲಿ ಹಿಚ್‌ಕಾಕ್‌ನ 'ಲೈಫ್‌ಬೋಟ್' ಚಿತ್ರದ ಟಲೂಲಾ ಬ್ಯಾಂಕ್‌ಹೆಡ್‌ಗೆ ಸಂದ ಗೌರವವೂ ಇಂಥದೇ. ನಡುಗಡಲಿನ ದೋಣಿಯೊಂದರಲ್ಲಿಯೇ ನಡೆಯುವ ಆ ಕಥೆಯಲ್ಲಿ, ಕ್ಯಾಮೆರಾ, ಟೈಪ್‌ರೈಟರ್, ಮಿಂಕ್ ಕೋಟು, ವಜ್ರದ ಕಂಕಣಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತ, ಅವುಗಳೊಡನೆ ಪತ್ರಕರ್ತೆಯೊಬ್ಬಳ ಗರ್ವವೂ ಕರಗುವುದನ್ನು ರಂಗಭೂಮಿಯ ಆ ನಟಿ ತೋರಿಸಿಕೊಟ್ಟಳು. ಅಕಾಡೆಮಿಯ ಪಟ್ಟಿಯಲ್ಲಿ ಆಕೆಗೂ ಎಡೆಯಿರಲಿಲ್ಲ.

ಹಾಗೆಂದು ವಿಮರ್ಶಕರ ಮಂಡಲಿ ದೋಷರಹಿತವಾದುದೆಂದು ಭಾವಿಸಲಾಗದು. ದಿನಪತ್ರಿಕೆಗಳವರ ಪ್ರಾಬಲ್ಯವಿದ್ದ ಅದರಲ್ಲಿ ನಿಯತಕಾಲಿಕೆಗಳ ವಿಮರ್ಶಕರಿಗೆ ಪ್ರವೇಶ ದೊರೆಯದೆ, 1966ರಲ್ಲಿ ರಾಷ್ಟ್ರೀಯ ಚಿತ್ರವಿಮರ್ಶಕರ ಸಂಘವು ಬೇರೆಯಾಗಿ ಹುಟ್ಟಿತು. ಈ ಹೊಸ ಸಂಘವು ತನ್ನ ಮೊದಲ ವರ್ಷದಲ್ಲಿಯೇ ಶ್ರೇಷ್ಠ ನಟಿಯೆಂದು ಆರಿಸಿದುದು ಹಾಲಿವುಡ್ಡಿನ ಸುಂದರಿಯನ್ನಲ್ಲ, ಎಂಬತ್ತು ವರ್ಷ ದಾಟಿದ ಫ್ರೆಂಚ್ ಕಲಾವಿದೆ ಸಿಲ್ವಿಯನ್ನು. ವೈಧವ್ಯದ ಅನಂತರ ಸಂಸಾರದ ಕಟ್ಟುಪಾಡುಗಳನ್ನು ಕಳಚಿ ಸ್ವಚ್ಛಂದವಾಗಿ ಬದುಕುವ ವೃದ್ಧೆಯ ಪಾತ್ರಕ್ಕಾಗಿ. ಪತ್ರಿಕೆಗಳನ್ನೇ ಆಶ್ರಯಿಸಿದ ನ್ಯೂಯಾರ್ಕ್ ಮಂಡಲಿಯ ಇನ್ನೊಂದು ದೌರ್ಬಲ್ಯವು 1962ರಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ ಪತ್ರಿಕೆಗಳು ಮುಷ್ಕರದಿಂದ ಸ್ತಬ್ಧವಾದಾಗ ಆ ವರ್ಷದ ಪ್ರಶಸ್ತಿಗಳೇ ನಿಂತುಹೋದುವು.

ಅನೇಕ ವರ್ಷಗಳಲ್ಲಿ ವಿಮರ್ಶಕರೂ ಅಕಾಡೆಮಿಯೂ ಒಂದೇ ಹೆಸರನ್ನು ಹೇಳಿರುವುದುಂಟು. 'ಗಾನ್ ವಿತ್ ದಿ ವಿಂಡ್' ಚಿತ್ರದ ವಿವಿಯನ್ ಲೀ ಇಬ್ಬರಿಂದಲೂ ಮಾನಿತಳಾದಳು. ಆದರೆ ವಿಮರ್ಶಕರ ಪ್ರಶಸ್ತಿಯ ಸಾರ್ಥಕ್ಯವಿರುವುದು ಈ ಒಮ್ಮತದಲ್ಲಲ್ಲ, ಉದ್ಯಮವು ಕಡೆಗಣಿಸಿದ ಕಲೆಯನ್ನು ದಾಖಲೆಗೆ ತರುವ ಭಿನ್ನಮತದಲ್ಲಿ. ಪ್ರಶಸ್ತಿಪಟ್ಟಿಯನ್ನು ಓದುವ ಸಹೃದಯರು ಗೆದ್ದವರ ಹೆಸರಿಗೆ ತೃಪ್ತರಾಗದೆ, ಆರಿಸಿದವರು ಯಾರೆಂಬುದನ್ನೂ ವಿಚಾರಿಸಿ, ಎರಡು ತೀರ್ಪುಗಳು ಭಿನ್ನವಾದೆಡೆಯಲ್ಲಿ ಆ ಚಿತ್ರವನ್ನು ತಾವೇ ನೋಡಿ ನಿರ್ಣಯಿಸುವುದು ಉಚಿತ.