ಎಡಗೈಯ ಆ ದಪ್ಪ ಗ್ಲೌಸು

2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದಾಗ ಅವರ ಒಟ್ಟು ಅಂಕ 700.5. ಬೆಳ್ಳಿ ಪಡೆದ ಚೀನಾದ ಝು ಚಿನಾನ್ ಅವರದು 699.7. ನಡುವೆ ಇದ್ದದ್ದು 0.8 ಅಂಕ. ಏರ್ ರೈಫಲ್ ಗುರಿಹಾಳೆಯಲ್ಲಿ ಒಂದು ಅಂಕದ ವೃತ್ತದಿಂದ ಮುಂದಿನದಕ್ಕೆ ಇರುವ ದೂರ 2.5 ಮಿಲಿಮೀಟರ್. ಆ ಲೆಕ್ಕದಲ್ಲಿ 0.8 ಅಂಕ ಎಂದರೆ 2 ಮಿಲಿಮೀಟರ್. ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದುಕೊಟ್ಟ ಅಂತರ ಇಷ್ಟೇ.

ಇಷ್ಟು ಸಣ್ಣ ಅಳತೆಯ ಆಟದಲ್ಲಿ ಸ್ಪರ್ಧಿಯ ಮೈಮೇಲಿರುವ ಪ್ರತಿಯೊಂದಕ್ಕೂ ಕೆಲಸವಿದೆ. ಗಟ್ಟಿ ಜಾಕೆಟ್, ಚಪ್ಪಟೆ ತಳದ ಬೂಟು, ಕಣ್ಣಿನ ಪಕ್ಕದ ಪಟ್ಟಿ ನೋಡುವವರ ಗಮನ ಬೇಗ ಸೆಳೆಯುತ್ತವೆ. ಎಡಗೈಯ ದಪ್ಪ ಗ್ಲೌಸಿನ ಕಡೆ ಕಣ್ಣು ಹೋಗುವುದು ಕಡಿಮೆ. ಟ್ರಿಗರ್ ಎಳೆಯುವ ಬಲಗೈ ಬರಿಗೈಯಾಗಿಯೇ ಇರುತ್ತದೆ. ಗುಂಡು ಹಾರಿಸದ ಕೈಗೇ ಏಕೆ ಇಷ್ಟು ಉಪಚಾರ?

ಚಿತ್ರದುರ್ಗ ಜಿಲ್ಲೆಯ ರಾಮಗಿರಿ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಡೆಯ ಮಕ್ಕಳಿಗೆ ರೈಫಲ್‌ನ ಮೊದಲ ಪರಿಚಯ ಆಗುವುದು ಹೆಚ್ಚಾಗಿ ಎನ್‌ಸಿಸಿ ಕ್ಯಾಂಪಿನಲ್ಲಿ. .22 ರೈಫಲ್, 25 ಗಜ ದೂರದ ಗುರಿ, ಬೋರಲು ಮಲಗಿದ ಭಂಗಿ, ಬರಿಗೈ. ಐದು ಗುಂಡು ಹೊಡೆದು ಎದ್ದು ಬರುವುದಕ್ಕೆ ಅಷ್ಟು ಸಾಕು. ಅಲ್ಲಿ ಹುಟ್ಟಿದ ಆಸೆ ಸ್ಪರ್ಧೆಯವರೆಗೆ ಬೆಳೆದರೆ ಕಥೆ ಬೇರೆ. ಏರ್ ರೈಫಲ್ ಅರ್ಹತಾ ಸುತ್ತಿನಲ್ಲಿ 60 ಗುಂಡುಗಳನ್ನು ಒಂದೂಕಾಲು ಗಂಟೆಯೊಳಗೆ ಹೊಡೆಯಬೇಕು, ಅದೂ ನಿಂತುಕೊಂಡೇ. ರೈಫಲ್‌ನ ತೂಕ ಐದೂವರೆ ಕಿಲೋವರೆಗೆ ಇರಬಹುದು. ಅಷ್ಟು ಹೊತ್ತು ಆ ಭಾರ ಬಂದು ಕೂರುವುದು ಎಡಗೈಯ ಮೇಲೆ.

ಆ ಭಾರವನ್ನು ತೋಳ್ಬಲದಿಂದ ಹೊರಲು ಹೋದವರು ಗುರಿ ತಪ್ಪುತ್ತಾರೆ. ಸ್ನಾಯು ಬಿಗಿಹಿಡಿದಾಗ ಅದರ ಎಳೆಗಳೆಲ್ಲ ಒಂದೇ ಸಮನೆ ದುಡಿಯುವುದಿಲ್ಲ. ಕೆಲವು ಎಳೆಗಳು ಬಿಗಿಯುತ್ತವೆ, ಕೆಲವು ಸಡಿಲುತ್ತವೆ. ಇದರಿಂದ ಆರೋಗ್ಯವಂತರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸಣ್ಣ ನಡುಕ ಇದ್ದೇ ಇರುತ್ತದೆ. ದಣಿದಷ್ಟೂ ಅದು ಹೆಚ್ಚುತ್ತದೆ. ಅದಕ್ಕೇ ತರಬೇತುದಾರರು ಮೊದಲ ದಿನದಿಂದ ಹೇಳಿಕೊಡುವುದು ಮೂಳೆಯ ಮೇಲೆ ಭಾರ ಬಿಡುವುದನ್ನು. ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ಮುಂಗೈಯನ್ನು ನೆಟ್ಟಗೆ ಕಂಬದ ಹಾಗೆ ನಿಲ್ಲಿಸಿ, ಅದರ ತಲೆಯ ಮೇಲೆ ರೈಫಲ್ ಕೂರಿಸಬೇಕು. ಕೆಲವರು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಇಡುತ್ತಾರೆ, ಕೆಲವರು ಬೆರಳು ಬಿಡಿಸಿ ಅವುಗಳ ನಡುವೆ ಕೂರಿಸುತ್ತಾರೆ. ಎರಡರಲ್ಲೂ ದುರ್ಬಲ ಜಾಗ ಮಣಿಕಟ್ಟು. ಅದು ಸ್ವಲ್ಪ ಬಾಗಿದರೂ ನೆಟ್ಟಗೆ ಹಿಡಿಯುವ ಕೆಲಸ ಮತ್ತೆ ಸ್ನಾಯುವಿಗೆ ಬೀಳುತ್ತದೆ. ಗ್ಲೌಸಿನ ಗಟ್ಟಿ ಅಂಗೈ ಭಾರವನ್ನು ಒಂದೇ ಗೆಣ್ಣಿನ ಮೇಲೆ ಬೀಳಗೊಡದೆ ಅಗಲಕ್ಕೆ ಹಂಚುತ್ತದೆ. ನೋವಿಲ್ಲದ ಕೈ ಭಾರವನ್ನು ಮೂಳೆಗೆ ಬಿಟ್ಟು ಸುಮ್ಮನಿರಬಲ್ಲದು.

ಎಡಗೈಯ ಈ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವಿಭಾಗವೇ ಸಾಕ್ಷಿ. ಕೈಯಿಂದ ರೈಫಲ್‌ನ ಭಾರ ಹೊರಲಾಗದ ಸ್ಪರ್ಧಿಗಳ ವಿಭಾಗ ಇದು. ಅಲ್ಲಿ ರೈಫಲ್ ಅನ್ನು ಸ್ಪ್ರಿಂಗ್ ಹಾಕಿದ ಸ್ಟ್ಯಾಂಡಿನ ಮೇಲೆ ಇಡಲು ಅವಕಾಶವಿದೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕರ್ನಾಟಕದ ಶ್ರೀಹರ್ಷ ದೇವರಡ್ಡಿ ಸ್ಪರ್ಧಿಸಿದ್ದು ಈ ವಿಭಾಗದಲ್ಲೇ. ಉಳಿದ ಸ್ಪರ್ಧಿಗಳ ಎಡಗೈ ಮಾಡುವ ಕೆಲಸವನ್ನು ಆ ಸ್ಟ್ಯಾಂಡು ವಹಿಸಿಕೊಳ್ಳುತ್ತದೆ. ಗುರಿ ಕಾಣುವುದು, ಉಸಿರು ಹಿಡಿಯುವುದು, ಟ್ರಿಗರ್‌ನ ಹದ ಅರಿಯುವುದು ಎಲ್ಲ ಸ್ಪರ್ಧಿಯದೇ.

50 ಮೀಟರ್ ರೈಫಲ್‌ನಲ್ಲಿ ಇನ್ನೊಂದು ತೊಡಕಿದೆ, ಅದು ನಾಡಿ ಮಿಡಿತ. ಮಲಗಿ ಮತ್ತು ಮಂಡಿಯೂರಿ ಹೊಡೆಯುವಾಗ ಸ್ಲಿಂಗ್ ಎಂಬ ಪಟ್ಟಿಯನ್ನು ಎಡತೋಳಿಗೆ ಬಿಗಿದು, ಹಿಂಗೈಯ ಮೇಲಿಂದ ತಂದು ರೈಫಲ್‌ನ ಮುಂಭಾಗಕ್ಕೆ ಸಿಕ್ಕಿಸುತ್ತಾರೆ. ರೈಫಲ್‌ನ ಭಾರವೆಲ್ಲ ಆ ಪಟ್ಟಿಯಲ್ಲಿ ತೂಗುತ್ತದೆ. ತೋಳಿನ ಒಳಬದಿಯಲ್ಲಿ ದೊಡ್ಡ ರಕ್ತನಾಳವೊಂದು ಹಾದುಹೋಗುತ್ತದೆ. ಬಿಗಿದ ಪಟ್ಟಿ ಅದರ ಮೇಲೆ ಕುಳಿತರೆ ಹೃದಯದ ಪ್ರತಿ ಬಡಿತವೂ ಪಟ್ಟಿಯುದ್ದಕ್ಕೂ ಹರಿದು ನಳಿಗೆಯ ತುದಿಗೆ ತಲುಪುತ್ತದೆ. ಹಿಂಗೈಯಲ್ಲಿ ಪಟ್ಟಿ ಒತ್ತುವ ಜಾಗದಲ್ಲೂ ಹೀಗೆಯೇ. ದೂರದರ್ಶಕದಲ್ಲಿ ನೋಡುವ ತರಬೇತುದಾರನಿಗೆ ನಳಿಗೆ ಲಯಬದ್ಧವಾಗಿ ತಲೆಯಾಡಿಸುವುದು ಕಾಣುತ್ತದೆ.

ಇದರ ಬೆಲೆಯನ್ನು ಕಾಗದದ ಮೇಲೆ ಕೂಡಿ ನೋಡಬಹುದು. ಭುಜಕ್ಕೆ ತಾಗಿದ ತುದಿಯಿಂದ 1 ಮೀಟರ್ ಮುಂದೆ ನಳಿಗೆಯ ತುದಿ ಬರೀ 0.1 ಮಿಲಿಮೀಟರ್ ಮೇಲೆದ್ದಿತು ಎನ್ನೋಣ. 10 ಮೀಟರ್ ದೂರದಲ್ಲಿ ಅದು 1 ಮಿಲಿಮೀಟರ್ ಆಗುತ್ತದೆ, ಅಂದರೆ 0.4 ಅಂಕ ನಷ್ಟ. 50 ಮೀಟರ್‌ನಲ್ಲಿ ಅದೇ 5 ಮಿಲಿಮೀಟರ್. ಅಲ್ಲಿ ಒಂದು ಅಂಕಕ್ಕೆ 8 ಮಿಲಿಮೀಟರ್ ಆದ್ದರಿಂದ 10.9 ಬರಬೇಕಿದ್ದ ಗುಂಡು 10.3ರ ಆಸುಪಾಸಿಗೆ ಇಳಿಯುತ್ತದೆ. ಗ್ಲೌಸಿನ ಹಿಂಗೈ ಭಾಗದಲ್ಲಿರುವ ಮೆತ್ತೆ ಈ ಮಿಡಿತವನ್ನು ಅಳಿಸಿಬಿಡುವುದಿಲ್ಲ, ಅದರ ಮೊನೆಯನ್ನು ಮೊಂಡಾಗಿಸುತ್ತದೆ. ಜೊತೆಗೆ ಪಟ್ಟಿಯ ಅಂಚು ಚರ್ಮಕ್ಕೆ ಕೊರೆಯದಂತೆ, ಬೆರಳಿಗೆ ರಕ್ತ ನಿಂತು ಜೋಮು ಹಿಡಿಯದಂತೆ ನೋಡಿಕೊಳ್ಳುತ್ತದೆ.

ಹಾಗಾದರೆ ಮೆತ್ತೆ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ? ನಿಯಮ ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಗ್ಲೌಸಿನ ಮುಂಭಾಗ, ಹಿಂಭಾಗ ಎರಡೂ ಸೇರಿ ಒಟ್ಟು ದಪ್ಪ 12 ಮಿಲಿಮೀಟರ್ ಮೀರಬಾರದು, ಹೊಲಿಗೆ ಕೂಡುವ ಜಾಗವನ್ನು ಬಿಟ್ಟು. ಮಣಿಕಟ್ಟಿನ ಗೆಣ್ಣಿನಿಂದ 50 ಮಿಲಿಮೀಟರ್‌ಗಿಂತ ಹಿಂದಕ್ಕೆ ಚಾಚಬಾರದು. ಮಣಿಕಟ್ಟಿಗೆ ಬಿಗಿಯುವ ಪಟ್ಟಿಯಾಗಲಿ, ಕಟ್ಟುವ ದಾರವಾಗಲಿ ಇರಕೂಡದು. ಕೈ ತೂರಿಸಲು ಅನುಕೂಲವಾಗಲೆಂದು ಸ್ವಲ್ಪ ಎಲಾಸ್ಟಿಕ್ ಇರಬಹುದು, ಆದರೂ ಅಲ್ಲಿ ಗ್ಲೌಸು ಸಡಿಲವಾಗಿಯೇ ಕೂರಬೇಕು. ಗ್ಲೌಸು ಮಣಿಕಟ್ಟಿಗೆ ಆಸರೆಯ ಕವಚವಾಗಿಬಿಟ್ಟರೆ ಸ್ಪರ್ಧೆ ನಡೆಯುವುದು ಕೈಗಳ ನಡುವೆ ಅಲ್ಲ, ಅಂಗಡಿಗಳ ನಡುವೆ. ಪಿಸ್ತೂಲಿನಲ್ಲಿ ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲ. ಗ್ಲಾಸ್ಗೋದ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದದ್ದು ಅಂಥ ಆಟದಲ್ಲಿ. ಅಲ್ಲಿ ಗ್ಲೌಸಿನ ಬದಲು ಮರದ ಹಿಡಿಯನ್ನೇ ಅಂಗೈಯ ಉಬ್ಬುತಗ್ಗಿಗೆ ಸರಿಯಾಗಿ ಕೆತ್ತಿ, ಉಜ್ಜಿ ಹೊಂದಿಸುತ್ತಾರೆ.

ಒಳ್ಳೆಯ ರೈಫಲ್ ಗ್ಲೌಸೊಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಪದರ ಪದರವಾಗಿ ಕಾಣುತ್ತದೆ. ಹೊರಗೆ ಚರ್ಮ ಅಥವಾ ಕೃತಕ ಚರ್ಮ. ಅಂಗೈಯ ಮೇಲೆ ಗುಳ್ಳೆಗುಳ್ಳೆಯಾದ ರಬ್ಬರ್, ರೈಫಲ್ ಜಾರದಿರಲಿ ಎಂದು. ನಡುವೆ ಫೋಮ್. ಒಳಗೆ ಕೈಗೆ ತಾಗುವ ಮೃದುವಾದ ಅಸ್ತರು. ಬಾಳಿಕೆ ನಿರ್ಧಾರವಾಗುವುದು ಹೆಚ್ಚಾಗಿ ಹೊರಗಿನ ಚರ್ಮದಲ್ಲಿ, ಆ ಚರ್ಮವನ್ನು ಹದ ಮಾಡಿದ ಬಗೆಯಲ್ಲಿ.

ಹದ ಮಾಡುವ ವಿದ್ಯೆಗೂ ಚಿತ್ರದುರ್ಗದ ಬಯಲಿಗೂ ನಂಟಿದೆ. ಈ ಸೀಮೆಯ ಒಣನೆಲದಲ್ಲಿ ಹಳದಿ ಹೂ ಹೊತ್ತು ನಿಲ್ಲುವ ತಂಗಡಿ ಗಿಡದ ತೊಗಟೆ ಹಿಂದಿನಿಂದಲೂ ಚರ್ಮ ಹದ ಮಾಡಲು ಬಳಕೆಯಲ್ಲಿತ್ತು. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಚರ್ಮದ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಹಸಿ ಚರ್ಮ ನೀರಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮುದುಡಿಹೋಗುತ್ತದೆ. ತೊಗಟೆಯಲ್ಲಿ ಹದವಾದದ್ದು 75ರಿಂದ 85 ಡಿಗ್ರಿವರೆಗೆ ತಾಳುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಕುದಿಯುವ ನೀರಿನ ಬಿಸಿಯನ್ನೂ ತಡೆಯುತ್ತದೆ. ತೊಗಟೆಯ ಚರ್ಮ ಗಡುಸು, ಬೆವರು ಹೀರುತ್ತದೆ. ಕ್ರೋಮ್ ಚರ್ಮ ಮೆತ್ತಗೆ, ನೆನೆದು ಒಣಗಿದರೂ ಬೇಗ ಸೆಟೆಯುವುದಿಲ್ಲ. ಬೆರಳು ಮಡಚುವ ಗ್ಲೌಸಿಗೆ ಎರಡನೆಯದೇ ಅನುಕೂಲ. ಮೇಕೆಯ ಚರ್ಮ ತೆಳುವಾಗಿದ್ದೂ ಸುಲಭಕ್ಕೆ ಹರಿಯದ ಕಾರಣ ಗ್ಲೌಸು ಮಾಡುವವರಿಗೆ ಅಚ್ಚುಮೆಚ್ಚು.

ಹಾರುವ ಗುರಿಗೆ ಹೊಡೆಯುವ ಶಾಟ್‌ಗನ್ ಆಟದಲ್ಲಿ ಈ ತೆಳು ಚರ್ಮವೇ ಬೇಕು. ಅಲ್ಲಿ ಕೋವಿ ನಿಲ್ಲುವುದಿಲ್ಲ, ಗುರಿಯ ಬೆನ್ನಟ್ಟಿ ಓಡುತ್ತದೆ. ದಪ್ಪ ಮೆತ್ತೆ ಇದ್ದರೆ ಕೈಗೆ ಕೋವಿಯ ಅರಿವೇ ಆಗದು. ಗುಂಡಿನ ಮೇಲೆ ಗುಂಡು ಹೊಡೆದು ಕಾದ ನಳಿಗೆಯಿಂದ ಬೆರಳು ಉಳಿಸುವುದು, ಬೆವರಿಗೆ ಜಾರದಂತೆ ಹಿಡಿಯುವುದು ಇಷ್ಟೇ ಆ ಗ್ಲೌಸಿನ ಕೆಲಸ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿಗೆ ಅದೂ ಬೇಕಾಗುವುದಿಲ್ಲ. ಒಂದೆರಡು ಗುಂಡಿಗೆ ನಳಿಗೆ ಕಾಯುವುದಿಲ್ಲ.

ಕೊಳ್ಳುವಾಗ ಮೊದಲು ಬೇಕಾದದ್ದು ಅಳತೆಪಟ್ಟಿ. ಹೆಬ್ಬೆರಳನ್ನು ಬಿಟ್ಟು ಗೆಣ್ಣುಗಳ ಸುತ್ತ ಅಂಗೈಯನ್ನು ಅಳೆದರೆ ಇಂಚಿನಲ್ಲಿ ಬರುವ ಸಂಖ್ಯೆ ಹೆಚ್ಚುಕಡಿಮೆ ಗ್ಲೌಸಿನ ಸೈಜು. ಆದರೆ ಅಂಗಡಿಯಲ್ಲಿ ಕೈ ಚಾಚಿ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಮುಷ್ಟಿ ಕಟ್ಟಿ, ಮೊಣಕೈಯನ್ನು ಸೊಂಟಕ್ಕೆ ಊರಿ, ರೈಫಲ್‌ನಷ್ಟೇ ತೂಕದ ಏನನ್ನಾದರೂ ಅದರ ಮೇಲಿಟ್ಟು ಎರಡು ನಿಮಿಷ ನಿಲ್ಲಬೇಕು. ಒಳಗಡೆಯ ಹೊಲಿಗೆ ಎಲ್ಲಾದರೂ ಗೆಣ್ಣಿಗೆ ಚುಚ್ಚುತ್ತಿದ್ದರೆ, ಹೆಬ್ಬೆರಳಿನ ಬುಡ ಎಳೆಯುತ್ತಿದ್ದರೆ, ಬೆರಳ ತುದಿ ತಣ್ಣಗಾಗುತ್ತಿದ್ದರೆ ಆ ಗ್ಲೌಸು ಆ ಕೈಗಲ್ಲ. ಮುಂದೆ ಹಿಗ್ಗುತ್ತದೆ ಎಂಬ ಭರವಸೆ ಚರ್ಮದ ಮಟ್ಟಿಗೆ ನಿಜ, ಫೋಮ್ ಮತ್ತು ಹೊಲಿಗೆಯ ಮಟ್ಟಿಗೆ ಅಲ್ಲ. ದೊಡ್ಡದಾದರೂ ತೊಂದರೆಯೇ: ಒಳಗೆ ಕೈ ಜರುಗಿದರೆ ಪ್ರತಿ ಗುಂಡಿಗೂ ಭಂಗಿ ಬದಲಾಗುತ್ತದೆ. ಬೆರಳ ತುದಿ ತೆರೆದಿರುವ ಗ್ಲೌಸಿನಲ್ಲಿ ಗಾಳಿಯಾಡುತ್ತದೆ, ಬೇಸಿಗೆಯಲ್ಲಿ ಅದು ಹಾಯೆನಿಸುತ್ತದೆ. ಸ್ಲಿಂಗ್ ಬಿಗಿಯುವವರಿಗೆ ಹಿಂಗೈ ಪೂರ್ತಿ ಮುಚ್ಚುವುದು ಒಳಿತು. ಎಡಚರು ಬಲಗೈ ಗ್ಲೌಸನ್ನೇ ಕೇಳಿ ಕೊಳ್ಳಬೇಕು.

ಹೊಸಬರು ದುಬಾರಿ ಗ್ಲೌಸಿಗೆ ಕಾಯಬೇಕಿಲ್ಲ, ಮೊದಲು ಬೇಕಾದದ್ದು ಭಂಗಿ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ ಸುಮಾ ಶಿರೂರ್ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. 400ಕ್ಕೆ 400 ಅಂದರೆ 40 ಗುಂಡಿಗೆ 40 ಹತ್ತು. ಏರ್ ರೈಫಲ್‌ನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. 40 ಬಾರಿಯೂ ಕೈ ಅದೇ ಜಾಗಕ್ಕೆ ಮರಳಿ ಬರಬೇಕೆಂದರೆ ಭಂಗಿ ಮೊದಲು ಪಕ್ವವಾಗಬೇಕು. ಗ್ಲೌಸು ಮಾಡುವುದು ಪಕ್ವವಾದ ಭಂಗಿಯನ್ನು ಕೊನೆಯ ಗುಂಡಿನವರೆಗೆ ನೋವಿಲ್ಲದೆ ಕಾಯುವ ಕೆಲಸ. ಆದ್ದರಿಂದ ಮಕ್ಕಳಿಗೆ ಕಲಿಸುವ ಶಾಲೆ, ಕ್ಲಬ್ಬುಗಳು ಮೂರು ಸೈಜಿನ ಸಾಧಾರಣ ಗ್ಲೌಸುಗಳನ್ನು ಸಾಮೂಹಿಕವಾಗಿ ಇಟ್ಟುಕೊಂಡರೂ ಮೊದಲ ವರ್ಷ ಸಾಗುತ್ತದೆ. ಕೈ ಬೆಳೆಯುವ ವಯಸ್ಸಿನಲ್ಲಿ ಸ್ವಂತದ್ದಕ್ಕೆ ಹಣ ಹಾಕುವುದಕ್ಕಿಂತ ಗುಂಡು, ಗುರಿಹಾಳೆಗೆ ಹಾಕುವುದು ಲಾಭ.

ಹಿರಿಯೂರು, ಚಿತ್ರದುರ್ಗದ ಬೇಸಿಗೆಯಲ್ಲಿ ಗ್ಲೌಸಿಗೆ ದೊಡ್ಡ ಶತ್ರು ಬೆವರು. ಬೆವರಿನ ನೀರು ಆರಿದ ಮೇಲೆ ಉಪ್ಪು ಚರ್ಮದಲ್ಲೇ ಉಳಿದು ಅದನ್ನು ಬಿರುಸಾಗಿಸುತ್ತದೆ. ಒದ್ದೆ ಗ್ಲೌಸನ್ನು ಬಿಸಿಲಿಗೆ ಹರವುವುದು, ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವುದು ಇನ್ನೂ ಕೆಟ್ಟದ್ದು. ಬಿಸಿಗೆ ಅಂಟು ಸಡಿಲಿ ಅಂಗೈಯ ರಬ್ಬರ್ ಸಿಪ್ಪೆ ಏಳುತ್ತದೆ. ಅಭ್ಯಾಸ ಮುಗಿದ ಕೂಡಲೇ ಬಾಯಿ ಅಗಲಿಸಿ ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಹೊರಗಿನ ಧೂಳನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಊಟದ ಡಬ್ಬಿ ಇರುವ ಬ್ಯಾಗಿಗೆ ಮಾತ್ರ ಗ್ಲೌಸನ್ನು ಹಾಕಲೇಬಾರದು. ಏರ್ ರೈಫಲ್‌ನ ಗುಂಡು ಸಾಮಾನ್ಯವಾಗಿ ಸೀಸದ್ದು. .22 ತೋಟಾದಲ್ಲಿ ಗುಂಡಿನ ಜೊತೆಗೆ ಸಿಡಿಮದ್ದಿನಲ್ಲೂ ಸೀಸ ಇರುತ್ತದೆ. ಅದರ ಕಣಗಳು ಗ್ಲೌಸಿನ ಗುಳ್ಳೆಗಳ ನಡುವೆ ಕೂರುತ್ತವೆ, ಬೆಳೆಯುವ ಮಕ್ಕಳ ಮಿದುಳಿಗೆ ಅಪಾಯಕಾರಿ. ರೇಂಜಿನಿಂದ ಹೊರಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು.

ಮೊದಲು ಸವೆಯುವುದು ಸ್ಲಿಂಗ್ ಒತ್ತುವ ಹಿಂಗೈಯ ಅಂಚು, ಹೆಬ್ಬೆರಳು ತೋರುಬೆರಳಿನ ಸಂದು. ಅಲ್ಲಿ ನೂಲು ಎದ್ದ ದಿನವೇ ಚಪ್ಪಲಿ ಹೊಲಿಯುವವರ ಬಳಿ ಎರಡು ಹೊಲಿಗೆ ಹಾಕಿಸಿದರೆ ಗ್ಲೌಸು ಇನ್ನೊಂದು ವರ್ಷ ಬಾಳುತ್ತದೆ. ತೇಪೆ ಹಾಕಿಸುವುದಾದರೆ ತೆಳು ಚರ್ಮವನ್ನೇ ಕೇಳಬೇಕು, ಸ್ಪರ್ಧೆಯ ತಪಾಸಣೆಯಲ್ಲಿ ತೇಪೆಯ ದಪ್ಪವೂ ಆ 12 ಮಿಲಿಮೀಟರ್ ಒಳಗೇ ಬರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಫೋಮ್ ಮತ್ತೆ ಉಬ್ಬದೆ ಗುಳಿಯಾಗಿಯೇ ಉಳಿದರೆ, ಎಷ್ಟೇ ಅಂದವಾಗಿ ಕಂಡರೂ ಆ ಗ್ಲೌಸನ್ನು ಬದಲಿಸುವ ಹೊತ್ತು ಬಂದಿದೆ.